ಒಲವಿನೊಡನೆ ಬರೆದ ಇತಿಹಾಸ: ‘ಕೊನ್ ಅಮೋರೆ’ ಎಂಬ ನುಡಿಗಟ್ಟಿನ ನೆವದಿಂದ ಒಂದು ವಿಮರ್ಶೆ

ಇಂಗ್ಲಿಷ್ ವಿಮರ್ಶಾಗ್ರಂಥಗಳನ್ನು ಓದುವ ರೂಢಿಯುಳ್ಳವರಿಗೆ ‘ಕೊನ್ ಅಮೋರೆ’ ಎಂಬ ಇಟಾಲಿಯನ್ ನುಡಿಗಟ್ಟು ಅಪರಿಚಿತವಲ್ಲ. ಗ್ರಂಥಕಾರನೊಬ್ಬನು ತನ್ನ ವಿಷಯವನ್ನು ಬರಿಯ ಕರ್ತವ್ಯವೆಂದೆಣಿಸದೆ ಮನಸಾರೆ ಒಲಿದು ಬರೆದಿದ್ದಾನೆ ಎಂದು ಹೇಳಬೇಕಾದಾಗ ಇಂಗ್ಲಿಷ್ ವಿಮರ್ಶಕರು ಈ ಎರಡು ಶಬ್ದಗಳನ್ನು ಬಳಸುತ್ತ ಬಂದಿದ್ದಾರೆ. ನಮ್ಮಲ್ಲಿಯೂ ಇದಕ್ಕೆ ಸಮನಾದ ಮಾತು ಇಲ್ಲದಿಲ್ಲ. ಮುನ್ನುಡಿಗಳಲ್ಲಿ, ಪುಸ್ತಕಪರಿಚಯಗಳಲ್ಲಿ, ಸತ್ಕಾರಸಮಾರಂಭಗಳಲ್ಲಿ ‘ನಾಡಿನ ಮೇಲಿನ ಪ್ರೀತಿಯಿಂದ ಬರೆದ ಗ್ರಂಥವಿದು’ ಎಂಬ ವಾಕ್ಯವನ್ನು ಎಷ್ಟು ಸಲ ಕೇಳಿಲ್ಲ! ಆದರೆ ಈ ಮಾತು ಹೊಗಳಿಕೆಯೋ, ಕ್ಷಮಾಪಣೆಯೋ ಎಂಬುದನ್ನು ನಾವು ನಿಂತು ವಿಚಾರಿಸುವುದಿಲ್ಲ. ಕಾವ್ಯದ ಮಟ್ಟಿಗೆ ಈ ಪ್ರಶ್ನೆ ಏಳಲಾರದು. ಇತಿಹಾಸದ ಮಟ್ಟಿಗೆ ಅದು ಏಳಲೇಬೇಕು.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದುದು ಒಂದು ಸಣ್ಣ ಪ್ರಸಂಗ. ಕಲಘಟಗಿ ತಾಲೂಕಿನ ತಂಬೂರ ಗ್ರಾಮದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಇತಿಹಾಸವನ್ನು ಕುರಿತು ಪ್ರಬಂಧವೊಂದನ್ನು ಬರೆದು ತಂದನು. ಅದಕ್ಕೆ ಗುಣ ಕೊಡಲು ಕುಳಿತಾಗ, ಎರಡು ತಾಸು ಕಳೆದರೂ ನನ್ನ ಕೈ ಸಾಗಲಿಲ್ಲ. ಪ್ರಬಂಧದ ಕೆಲವು ಪುಟಗಳು ತೀರ ಕೆಟ್ಟವಾಗಿದ್ದವು. ಕೆಲವು ಪುಟಗಳು ನಾನು ಎಂ.ಎ. ಪರೀಕ್ಷೆಗೆಂದು ಬರೆದುದಕ್ಕಿಂತ ಎಷ್ಟೋ ಮೇಲಾಗಿದ್ದವು. ಎರಡಕ್ಕೂ ಕಾರಣ ಒಂದೇ ಆಗಿತ್ತು: ಆ ಹುಡುಗನಿಗೆ ತನ್ನ ಊರಿನ ಮೇಲಿದ್ದ ಒಲವು. ಒಂದೇ ಒಲವು ಒಂದು ಪುಟವನ್ನು ಕೆಡಿಸಿ ಇನ್ನೊಂದನ್ನು ಬೆಳಗಿಸುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ನಾಡಿನ ಇತಿಹಾಸಲೇಖನದ ಹಿರಿಯ ಉದಾಹರಣೆಗಳಿಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

1

ಮೊದಲು ಮಾತಿನ ಅರ್ಥವನ್ನು ನೋಡೋಣ. ಇಟಾಲಿಯನ್ ಭಾಷೆಯಲ್ಲಿ ‘ಕೊನ್’ ಎಂದರೆ ಒಡನೆ, ಕೂಡ. ‘ಅಮೋರೆ’ ಎಂದರೆ ಪ್ರೀತಿ, ಲ್ಯಾಟಿನ್ನಿನ ‘ಅಮೋರ್’ ಶಬ್ದದಿಂದ ಇಳಿದು ಬಂದುದು. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಲಿಪಿಯ ಮೇಲುಗಡೆ ವಾದಕನಿಗೆ ಸೂಚನೆಯಾಗಿ ಇಂಥ ಮಾತುಗಳನ್ನು ಬರೆಯುವ ಪದ್ಧತಿಯುಂಟು. ‘ಕೊನ್ ಬ್ರಿಯೊ’ ಎಂದರೆ ಹುರುಪಿನಿಂದ, ‘ಕೊನ್ ಫುವೋಕೊ’ ಎಂದರೆ ಕಿಚ್ಚಿನಿಂದ, ‘ಕೊನ್ ಅಮೋರೆ’ ಎಂದರೆ ಒಲವಿನಿಂದ ನುಡಿಸತಕ್ಕದ್ದು. ಹದಿನೆಂಟನೆಯ ಶತಮಾನದಲ್ಲಿ ಈ ಮಾತು ಇಂಗ್ಲಿಷಿಗೆ ಬಂದು, ಸಂಗೀತದ ಎಲ್ಲೆಯನ್ನು ದಾಟಿ, ಮನಃಪೂರ್ವಕವಾಗಿ ಮಾಡಿದ ಯಾವ ಕೆಲಸಕ್ಕಾದರೂ ಸಲ್ಲತೊಡಗಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸ್ವರಲಿಪಿಯ ಮೇಲೆ ಈ ಮಾತನ್ನು ಬರೆದಿದ್ದಾರೆಂದು ವಾದಕನು ಒಂದು ಸ್ವರವನ್ನು ಹೆಚ್ಚಿಸುವಂತಿಲ್ಲ, ಒಂದನ್ನು ಬಿಡುವಂತಿಲ್ಲ. ಸ್ವರಗಳು ಇದ್ದಂತೆಯೇ ಇರುವವು; ನುಡಿಸುವ ರೀತಿ ಮಾತ್ರ ಬೇರೆಯಾಗುವುದು. ಎಂದರೆ ಒಲವು ಅಲ್ಲಿ ಕೃತಿಯ ಒಡನಾಡಿ, ಕೃತಿಯ ಕರ್ತೃವಲ್ಲ.

ಕನ್ನಡದಲ್ಲಿ ನಾವು ‘ಪ್ರೀತಿಯಿಂದ’ ಎನ್ನುವೆವು. ಈ ‘ಇಂದ’ ಎಂಬ ಪ್ರತ್ಯಯ ಹಲವು ಕೆಲಸಗಳನ್ನು ಹೊತ್ತಿದೆ. ‘ಕೊಡಲಿಯಿಂದ ಕಡಿದನು’ ಎಂಬಲ್ಲಿ ಅದು ಸಾಧನವನ್ನು, ‘ಮಳೆಯಿಂದ ಬೆಳೆ ಬಂದಿತು’ ಎಂಬಲ್ಲಿ ಕಾರಣವನ್ನು, ‘ಊರಿಂದ ಬಂದನು’ ಎಂಬಲ್ಲಿ ಹೊರಟ ಸ್ಥಳವನ್ನು, ‘ಸಂತೋಷದಿಂದ ನಡೆದನು’ ಎಂಬಲ್ಲಿ ರೀತಿಯನ್ನು ಸೂಚಿಸುವುದು. ಆದ್ದರಿಂದ ‘ಪ್ರೀತಿಯಿಂದ ಬರೆದ ಇತಿಹಾಸ’ ಎಂದಾಗ ಎರಡು ಅರ್ಥಗಳು ಒಂದರಲ್ಲೊಂದು ಬೆರೆತುಹೋಗುವವು. ಪ್ರೀತಿಯು ಬರೆಯುವ ರೀತಿಯಾಗಿತ್ತೆಂಬುದು ಒಂದು ಅರ್ಥ. ಬರೆದ ಸಂಗತಿಯೇ ಪ್ರೀತಿಯೊಳಗಿಂದ ಹುಟ್ಟಿತೆಂಬುದು ಇನ್ನೊಂದು. ಮೊದಲನೆಯದು ಇತಿಹಾಸಕಾರನಿಗೆ ಭೂಷಣ. ಎರಡನೆಯದು ಅವನ ಕೃತಿಗೆ ಒರಲೆ. ನಮ್ಮ ಹೊಗಳಿಕೆಯ ಮಾತಿನಲ್ಲಿ ಈ ಭೇದ ಕಾಣದೆ ಹೋಗುತ್ತಿದೆ.

2

ಪ್ರೀತಿಯನ್ನು ಗರ್ಭದಲ್ಲಿಟ್ಟುಕೊಂಡ ಇನ್ನೆರಡು ಶಬ್ದಗಳು ಇಂಗ್ಲಿಷಿನಲ್ಲಿವೆ. ‘ಅಮೆಚೂರ್’ ಎಂಬುದು ಫ್ರೆಂಚಿನ ಮೂಲಕ ಬಂದುದು. ಅದರ ಲ್ಯಾಟಿನ್ ಮೂಲಕ್ಕೆ ‘ಪ್ರೀತಿಸುವವನು’ ಎಂದೇ ಅರ್ಥ. ‘ಡಿಲೆಟಾಂಟ್’ ಎಂಬುದು ಇಟಾಲಿಯನ್ನಿನಿಂದ ಬಂದುದು. ಆನಂದಪಡುವವನು ಎಂದು ಅದರ ಅರ್ಥ. 1734ರಲ್ಲಿ ಲಂಡನ್ನಿನಲ್ಲಿ ಸಿರಿವಂತ ರಸಿಕರು ಕೂಡಿ ಕಟ್ಟಿಕೊಂಡ ಸಂಘವೊಂದು ಈ ಹೆಸರನ್ನು ಹೆಮ್ಮೆಯಿಂದಲೇ ಧರಿಸಿತ್ತು. ಗ್ರೀಸಿನ ಪುರಾತನ ಶಿಲ್ಪದ ಅಧ್ಯಯನಕ್ಕೆ ಆ ಸಂಘವು ಬಹಳ ಸಹಾಯ ಮಾಡಿತು. ಆದರೆ ಕಾಲಕ್ರಮದಲ್ಲಿ ಎರಡೂ ಶಬ್ದಗಳು ಇಳಿದುಹೋದವು. ಇಂದು ಒಬ್ಬ ವಿದ್ವಾಂಸನನ್ನು ಈ ಶಬ್ದಗಳಿಂದ ಕರೆದರೆ ಅವನು ಸಿಟ್ಟಾಗುವನು. ಕನ್ನಡದ ‘ಹವ್ಯಾಸಿ’ ಎಂಬ ಶಬ್ದಕ್ಕೂ ವಿದ್ಯಾಪೀಠಗಳಲ್ಲಿ ಇದೇ ಗತಿ. ಸಂಬಳ ಪಡೆದು ಮಾಡುವವನ ಕೆಲಸ ಗಟ್ಟಿ, ಪ್ರೀತಿಗಾಗಿ ಮಾಡುವವನ ಕೆಲಸ ಪೊಳ್ಳು ಎಂಬ ನಂಬಿಕೆ ಬೇರೂರಿದುದೇ ಇದಕ್ಕೆ ಕಾರಣ.

ಇದು ಸರಿಯಾದ ನಂಬಿಕೆಯಲ್ಲ. ಇದನ್ನು ಸುಳ್ಳುಮಾಡಲು ಕಲಘಟಗಿಯ ಪೇಟೆಗೆ ಹೋದರೆ ಸಾಕು. ಅಲ್ಲಿಯ ಬಣ್ಣದ ತೊಟ್ಟಿಲು ನಮ್ಮ ಭಾಗದ ಮನೆಮನೆಗೂ ಗೊತ್ತು. ತವರಿನವರು ಮಗಳ ಮೊದಲ ಕೂಸಿಗೆ ಕೊಡಿಸುವ ಆ ತೊಟ್ಟಿಲ ಮೇಲೆ ಚಿತ್ರಗಾರನು ಬಳ್ಳಿ ಹೂಗಳನ್ನೂ ಪುರಾಣದ ಕತೆಗಳನ್ನೂ ಬರೆಯುವನು. ಅವನು ಅದಕ್ಕೆ ಬೆಲೆ ತೆಗೆದುಕೊಳ್ಳುವನು. ಆ ಬೆಲೆಯಲ್ಲಿಯೇ ಅವನ ಸಂಸಾರ ನಡೆಯಬೇಕು. ಆದರೂ ತಾನೆಂದೂ ನೋಡದ ಕೂಸಿಗಾಗಿ ಅವನು ಗೆರೆಯನ್ನು ಎರಡನೆಯ ಸಲ ತಿದ್ದುವನು. ಕೂಲಿಗೂ ಒಲವಿಗೂ ವಿರೋಧವಿಲ್ಲ. ಹನ್ನೆರಡನೆಯ ಶತಮಾನದ ಶರಣರು ‘ಕಾಯಕ’ ಎಂಬ ಶಬ್ದಕ್ಕೆ ತುಂಬಿದ ಅರ್ಥವೂ ಇದಕ್ಕೆ ಸಮೀಪವಾದುದು. ಇದರ ಜೊತೆಗೆ ಇನ್ನೊಂದು ಮಾತನ್ನೂ ಗಮನಿಸಬೇಕು. ಬಣ್ಣವೆಷ್ಟು ಚೆಲುವಾಗಿದ್ದರೂ ತೊಟ್ಟಿಲ ಕಾಲು ಒಂದಕ್ಕೊಂದು ಸಮನಾಗಿರಬೇಕು. ಚಿತ್ರಗಾರನ ಪ್ರೀತಿ ಬಡಿಗನ ಅಳತೆಯನ್ನು ಮೀರುವಂತಿಲ್ಲ.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಇತಿಹಾಸಕಾರನು ಹವ್ಯಾಸಿಯೋ, ವೃತ್ತಿಪರನೋ’ ಎಂಬುದಲ್ಲ. ‘ಅವನ ಒಲವು ಅಳತೆಯ ಒಡನೆ ಇದೆಯೋ, ಅಳತೆಯ ಸ್ಥಾನದಲ್ಲಿಯೇ ಕುಳಿತಿದೆಯೋ’ ಎಂಬುದು.

3

ಕನ್ನಡ ನಾಡಿನ ಇತಿಹಾಸಕ್ಕೆ ಶಾಸನಗಳ ಅಡಿಪಾಯ ಹಾಕಿದ ಇಬ್ಬರು ಅಧಿಕಾರಿಗಳನ್ನು ಈ ದೃಷ್ಟಿಯಿಂದ ನೋಡಬಹುದು. ಒಬ್ಬರು ಜಾನ್ ಫೇತ್‌ಫುಲ್ ಫ್ಲೀಟರು (1847–1917). ಇನ್ನೊಬ್ಬರು ಬೆಂಜಮಿನ್ ಲೂಯಿಸ್ ರೈಸರು (1837–1927).

ಫ್ಲೀಟರು 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಸೇರಿ ನಮ್ಮ ಕನ್ನಡ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಶಾಸನಗಳ ಓದು ಅವರ ನೌಕರಿಯ ಭಾಗವಾಗಿರಲಿಲ್ಲ. 1883ರಿಂದ 1886ರವರೆಗೆ ಮಾತ್ರ ಅವರು ಸರಕಾರದ ಶಾಸನತಜ್ಞರಾಗಿದ್ದರು. ಉಳಿದೆಲ್ಲ ಕಾಲದಲ್ಲಿ ಕಂದಾಯ, ಶಿಕ್ಷಣ, ಆಡಳಿತಗಳ ನಡುವೆ ಬಿಡುವು ಮಾಡಿಕೊಂಡು ಶಾಸನಗಳನ್ನು ಓದಿದರು. ಇಂಗ್ಲಿಷಿನಲ್ಲಿ ಅವರು ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ 1882ರಲ್ಲಿ ಹೊರಬಂದಿತು. ಹದಿನಾಲ್ಕು ವರ್ಷಗಳ ತರುವಾಯ, 1896ರಲ್ಲಿ, ಅದೇ ಗ್ರಂಥವನ್ನು ಮುಂಬಯಿ ಗೆಝೆಟಿಯರಿಗಾಗಿ ಹೊಸದೆನ್ನುವಷ್ಟು ತಿದ್ದಿ ಬೆಳೆಸಿದರು. ತನ್ನ ಗ್ರಂಥವನ್ನು ತಾನೇ ಹಳೆಯದಾಗಿಸುವ ಈ ಗುಣವನ್ನು ಒಲವೆನ್ನದೆ ಬೇರೇನೆನ್ನಬೇಕು?

ಇದಕ್ಕಿಂತ ಸೋಜಿಗದ ಸಂಗತಿಯೊಂದುಂಟು. 1885ರಿಂದ ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡದ ಲಾವಣಿಗಳನ್ನು ಮೂಲಪಾಠದೊಡನೆ ಪ್ರಕಟಿಸಿದರು. ಅವುಗಳಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ. 1857ರ ಹಲಗಲಿ ಬೇಡರ ಲಾವಣಿಯೂ ಇದೆ. ತಮ್ಮ ಸರಕಾರದ ವಿರುದ್ಧ ಎದ್ದವರ ಹಾಡನ್ನು ಆ ಸರಕಾರದ ಅಧಿಕಾರಿಯೇ ಜತನದಿಂದ ಬರೆಯಿಸಿಕೊಂಡು ಅಚ್ಚು ಹಾಕಿಸಿದನು! ಫ್ಲೀಟರು ಕನ್ನಡಿಗರ ಪಕ್ಷಪಾತಿಗಳಾಗಿದ್ದರೆಂದು ಇದರಿಂದ ಹೇಳಲು ಬರುವುದಿಲ್ಲ. ಅವರ ದೃಷ್ಟಿ ಆಳುವವರ ದೃಷ್ಟಿಯೇ ಆಗಿತ್ತು. ಆದರೆ ಹಾಡಿದವನು ಹಾಡಿದಂತೆಯೇ ಪಾಠ ಉಳಿಯಬೇಕೆಂಬ ಆಸ್ಥೆ ಆ ದೃಷ್ಟಿಯನ್ನೂ ಮೀರಿ ನಿಂತಿತು. ಇಂದು ರಾಯಣ್ಣನ ಅಭಿಮಾನಿಗಳಾಗಿ ನಾವು ಬರೆಯುವಾಗ ಆಶ್ರಯಿಸುವ ಆಧಾರಗಳಲ್ಲಿ ಅದೂ ಒಂದು.

ರೈಸರ ಮಾತು ಬೇರೆ. ಅವರು ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಿಂದ ಸುಮಾರು 9,000 ಶಾಸನಗಳನ್ನು ಕೂಡಿಸಿ, 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ಹೊರತಂದರು. ಆ ನಾಡಿನ ಪುರಾತನತ್ವದ ಮೇಲೆ ಅವರಿಗೆ ಮಮತೆ ಹುಟ್ಟಿದುದು ಸಹಜ. ತಲಕಾಡಿನ ಗಂಗರ ತಾಮ್ರಪಟಗಳ ವಿಷಯದಲ್ಲಿ ಈ ಮಮತೆ ಪರೀಕ್ಷೆಗೆ ಒಳಗಾಯಿತು. ಆ ತಾಮ್ರಪಟಗಳನ್ನು ರೈಸರು ನಂಬಿದರು. ಲಿಪಿ, ತಿಥಿ, ವಂಶಾವಳಿಗಳ ದೋಷಗಳನ್ನು ತೋರಿಸಿ ಅವು ಕೂಟಶಾಸನಗಳೆಂದು ಫ್ಲೀಟರು ಸಾರಿದರು. ಬಹುಕಾಲ ನಡೆದ ಈ ವಾದದಲ್ಲಿ ಅನೇಕ ತಾಮ್ರಪಟಗಳ ಮಟ್ಟಿಗೆ ಫ್ಲೀಟರ ಸಂದೇಹವೇ ಗೆದ್ದಿತು. ಆದರೆ ಗಂಗರ ಪ್ರಾಚೀನತೆಯ ಮಟ್ಟಿಗೆ ರೈಸರ ನಂಬಿಕೆ ಸುಳ್ಳಾಗಲಿಲ್ಲ. ಪೆನುಕೊಂಡದ ತಾಮ್ರಪಟ ಬೆಳಕಿಗೆ ಬಂದಾಗ ಅದು ನೈಜವೆಂದು ಕೊನೆಗಾಲದಲ್ಲಿ ಫ್ಲೀಟರೇ ಒಪ್ಪಿಕೊಂಡರು.

ಈ ವಾದದಿಂದ ಎರಡು ಪಾಠಗಳು ದೊರೆಯುವವು. ಒಲವು ಕುರುಡಾದರೆ ಸುಳ್ಳು ಪಟವನ್ನು ನಂಬಿಸುವುದೆಂಬುದು ಮೊದಲನೆಯದು. ಇದು ಎಲ್ಲರಿಗೂ ಗೊತ್ತು. ಸಂದೇಹವೂ ಒಂದು ಮೋಹವಾಗಬಲ್ಲದೆಂಬುದು ಎರಡನೆಯದು. ಇದು ಎಲ್ಲರಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಒಬ್ಬನು ತನ್ನ ಎದುರಾಳಿಯನ್ನು ರುಚಿಪಟ್ಟು ಹಳಿದಾಗಲೂ ‘ಕೊನ್ ಅಮೋರೆ’ ಹಳಿದನೆನ್ನುವುದುಂಟು. ಒಡೆಯುವುದರಲ್ಲಿಯೂ ಕಟ್ಟುವುದರಲ್ಲಿರುವಷ್ಟೇ ಸುಖವಿದೆ. ಫ್ಲೀಟರ ಹಿರಿಮೆಯಿರುವುದು ಸಂದೇಹಪಟ್ಟುದರಲ್ಲಲ್ಲ. ಆಧಾರ ಬಂದಾಗ ಆ ಸಂದೇಹವನ್ನು ಇಳಿಸಿಟ್ಟುದರಲ್ಲಿ.

4

ಈಗ ಧಾರವಾಡಕ್ಕೆ ಬರೋಣ. ‘ನಾಡಿನ ಪ್ರೀತಿಯಿಂದ ಬರೆದ ಇತಿಹಾಸ’ ಎಂದೊಡನೆ ಕನ್ನಡಿಗರೆಲ್ಲರ ನೆನಪಿಗೆ ಬರುವ ಗ್ರಂಥ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’. ಅದು ಪ್ರಕಟವಾದುದು 1917ರಲ್ಲಿ. ಆಲೂರರು (1880–1964) ಇತಿಹಾಸದ ಪ್ರಾಧ್ಯಾಪಕರಲ್ಲ, ವಕೀಲರು. 1905ರಲ್ಲಿ ಹಂಪೆಯ ಹಾಳನ್ನು ಕಂಡುದು ತಮ್ಮ ಬಾಳನ್ನೇ ತಿರುಗಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಕನ್ನಡಿಗರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ತಮಗೊಂದು ಇತಿಹಾಸವಿದೆಯೆಂಬ ಅರಿವೇ ಸಾಮಾನ್ಯ ವಾಚಕನಿಗೆ ಇರಲಿಲ್ಲ. ಇದ್ದ ಇತಿಹಾಸವು ಫ್ಲೀಟರ, ರೈಸರ, ಭಾಂಡಾರಕರರ, ಸೀವೆಲ್ಲರ ಇಂಗ್ಲಿಷ್ ಗ್ರಂಥಗಳಲ್ಲಿ ಅಡಗಿತ್ತು. ಅದನ್ನು ಕನ್ನಡದಲ್ಲಿ, ಓದಿದವನ ಮೈ ನವಿರೇಳುವಂತೆ ಹೇಳಬೇಕೆಂಬುದು ಆಲೂರರ ಸಂಕಲ್ಪವಾಗಿತ್ತು. ಆ ಸಂಕಲ್ಪ ನೆರವೇರಿತೆಂಬುದು ನಿರ್ವಿವಾದ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದಕ್ಕೆ ಮನಸ್ಸುಗಳನ್ನು ಹದಗೊಳಿಸಿದ ಗ್ರಂಥಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲುವುದು.

ಇಷ್ಟನ್ನು ಕೃತಜ್ಞತೆಯಿಂದ ಒಪ್ಪಿದ ಮೇಲೆ ವಿಮರ್ಶೆಯ ಮಾತನ್ನು ಅಂಜದೆ ಆಡಬಹುದು. ‘ಗತವೈಭವ’ ಎಂಬ ಹೆಸರೇ ಒಂದು ತೀರ್ಪು. ಸಾಕ್ಷಿಗಳನ್ನು ಕರೆಯುವ ಮೊದಲೇ ಅದು ಗತವು ವೈಭವವೆಂದು ನಿರ್ಣಯಿಸಿದೆ. ಹೀಗಾದಾಗ ಸಾಕ್ಷಿಗಳ ಆಯ್ಕೆಯೂ ಅದಕ್ಕೆ ತಕ್ಕಂತೆಯೇ ಆಗುವುದು. ಸಾಮ್ರಾಜ್ಯಗಳು ಮುಂದೆ ಬರುವವು. ಸಾಮ್ರಾಜ್ಯಗಳಿಗೆ ತೆರಿಗೆ ತೆತ್ತವರು ಹಿಂದೆ ಸರಿಯುವರು. ಆದರೆ ನಮ್ಮ ಶಾಸನಗಳು ಮಾತಾಡುವುದು ಬಹುಮಟ್ಟಿಗೆ ಇಂಥವರ ಸಂಗತಿಯನ್ನೇ. ಕೆರೆ ಕಟ್ಟಿಸಿದುದು, ಗಾಣದ ಎಣ್ಣೆಯನ್ನು ದೇವರ ದೀಪಕ್ಕೆ ಬಿಟ್ಟುದು, ಹೊಲದ ಮೇರೆಗಳನ್ನು ಗುರುತಿಸಿದುದು, ತುರು ಹಿಂದಿರುಗಿಸಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದುದು—ಇವೇ ಅವುಗಳ ತಿರುಳು. ವೈಭವವನ್ನು ಹುಡುಕುವ ಕಣ್ಣಿಗೆ ಈ ತಿರುಳು ಕಾಣುವುದು ಕಷ್ಟ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಇತಿಹಾಸಕಾರನು ಒಲಿದು ಬರೆಯುವ ಮೊದಲೇ ಅವನ ಆಧಾರಗಳನ್ನು ಬರೆದವರೂ ಒಲಿದೇ ಬರೆದಿದ್ದಾರೆ. ಇಮ್ಮಡಿ ಪುಲಕೇಶಿಯ ಐಹೊಳೆಯ ಶಾಸನವನ್ನು ನೋಡಿರಿ. ಅದು ಕ್ರಿ.ಶ. 634ರದು, ರಚಿಸಿದವನು ರವಿಕೀರ್ತಿ. ಅವನು ತನ್ನ ಅರಸನನ್ನು ಕೊಂಡಾಡಿದುದಲ್ಲದೆ, ತಾನು ಕಾಳಿದಾಸ ಭಾರವಿಗಳ ಕೀರ್ತಿಯನ್ನು ಪಡೆದವನೆಂದೂ ಹೇಳಿಕೊಂಡಿದ್ದಾನೆ. ಪ್ರಶಸ್ತಿಯ ಒಲವಿನ ಮೇಲೆ ಇತಿಹಾಸಕಾರನ ಒಲವು ಕೂಡಿದರೆ ನಿಜವು ಎರಡು ಪರದೆಗಳ ಹಿಂದಾಗುವುದು. ಹಾಗಾದರೆ ಪುಲಕೇಶಿಯು ಹರ್ಷವರ್ಧನನನ್ನು ತಡೆದನೆಂಬುದನ್ನು ನಾವೇಕೆ ನಂಬುವೆವು? ರವಿಕೀರ್ತಿ ಹೇಳಿದನೆಂಬ ಒಂದೇ ಕಾರಣಕ್ಕಲ್ಲ. ಪುಲಕೇಶಿಯಿಂದ ಕವಡೆಯನ್ನೂ ಪಡೆಯದ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗನೂ, ಹರ್ಷನಿಗೆ ಈ ನಾಡಿನವರು ಮಣಿಯಲಿಲ್ಲವೆಂದು ಬರೆದಿದ್ದಾನೆ. ಆತನಿಗೆ ಹರ್ಷನ ಮೇಲೆಯೇ ಹೆಚ್ಚು ಆದರವಿತ್ತು. ಒಲಿದವನ ಮಾತನ್ನು ಒಲಿಯದವನ ಮಾತಿನಿಂದ ತೂಗಿದಾಗ ಮಾತ್ರ ಅದು ಇತಿಹಾಸವಾಗುವುದು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಂ.ಎ. ತರಗತಿಯಲ್ಲಿದ್ದಾಗ ನಾನು ಬರೆದ ಪ್ರಬಂಧವೊಂದರಲ್ಲಿ ‘ಗತವೈಭವ’ದ ವರ್ಣನೆಯೊಂದನ್ನು ಆಧಾರವೆಂದೇ ಕೊಟ್ಟಿದ್ದೆನು. ಪರೀಕ್ಷಕರು ಅಂಚಿನಲ್ಲಿ ‘ಇದು ಸಾಕ್ಷಿಯಲ್ಲ, ಸಾಕ್ಷಿಯನ್ನು ಕಂಡವನ ಸಂತೋಷ’ ಎಂದು ಬರೆದಿದ್ದರು. ಆಗ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಇಂದು ನಾನು ಆ ವಾಕ್ಯವನ್ನೇ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇನೆ.

ಆದರೆ ಆಲೂರರ ಒಲವನ್ನು ಅವರ ಗ್ರಂಥವೊಂದರಿಂದಲೇ ಅಳೆದರೆ ಅನ್ಯಾಯವಾದೀತು. ‘ಗತವೈಭವ’ ಹೊರಬರುವುದಕ್ಕೆ ಮೂರು ವರ್ಷ ಮೊದಲೇ, 1914ರಲ್ಲಿ, ಅವರು ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಕಟ್ಟಲು ಮುಂದಾಗಿದ್ದರು. ಮುಂದೆ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. ಪಂಚಮುಖಿಯವರ ನೇತೃತ್ವದಲ್ಲಿ ಅದು ನಮ್ಮ ಭಾಗದ ಶಾಸನಗಳನ್ನು ಅಚ್ಚುಕಟ್ಟಾಗಿ ಪ್ರಕಟಿಸತೊಡಗಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ‘ಗತವೈಭವ’ದ ಮಾತುಗಳನ್ನು ಒರೆಗೆ ಹಚ್ಚುವ ವಿದ್ಯೆ ಬೆಳೆದುದು ಇಂಥ ಸಂಸ್ಥೆಗಳಲ್ಲಿ. ಆ ಗ್ರಂಥ ಎಬ್ಬಿಸಿದ ಎಚ್ಚರವಿಲ್ಲದಿದ್ದರೆ ಅವುಗಳಿಗೆ ನಾಡಿನ ಬೆಂಬಲ ಇಷ್ಟು ಬೇಗ ದೊರೆಯುತ್ತಿತ್ತೆ? ತನ್ನನ್ನು ತಿದ್ದುವವರಿಗೆ ತಾನೇ ಮನೆ ಕಟ್ಟಿಕೊಡುವ ಒಲವು ಕುರುಡು ಒಲವಲ್ಲ. ಆಲೂರರನ್ನು ಇಂದು ವಿಮರ್ಶಿಸುವವನು ಅವರು ಹಾಕಿದ ಮಣೆಯ ಮೇಲೆ ಕುಳಿತೇ ವಿಮರ್ಶಿಸುತ್ತಾನೆ.

5

ಇನ್ನು ತಂಬೂರದ ಪ್ರಬಂಧಕ್ಕೆ ಮರಳೋಣ. ತಂಬೂರ ಕಲಘಟಗಿ ತಾಲೂಕಿನ ಹಳ್ಳಿ. ಇತ್ತ ಬಯಲುಸೀಮೆಯ ಕರಿಯ ಎರೆ ಮುಗಿದು ಅತ್ತ ಮಲೆನಾಡಿನ ಸೆರಗು ಹಾಸುವ, ಬತ್ತದ ಗದ್ದೆಗಳ ನಾಡು ಇದು. ಊರಿನಲ್ಲಿ ಹಳೆಯ ಬಸವಣ್ಣನ ಗುಡಿಯಿದೆ. ಕಲ್ಯಾಣದ ಚಾಲುಕ್ಯರ ಆಳಿಕೆಗೂ ಗೋವೆಯ ಕದಂಬರ ಪ್ರಭಾವಕ್ಕೂ ಒಳಪಟ್ಟಿದ್ದ ಈ ಭಾಗದಲ್ಲಿ ಕಲ್ಲಿನ ಗುಡಿಗಳು ವಿರಳವಲ್ಲ.

ವಿದ್ಯಾರ್ಥಿಯ ಪ್ರಬಂಧ ಊರ ಹೆಸರಿನಿಂದ ಆರಂಭವಾಗಿತ್ತು. ಹಿಂದೊಮ್ಮೆ ಅಲ್ಲಿ ದೊಡ್ಡ ಗವಾಯಿಗಳಿದ್ದರು, ಮನೆಗೊಂದು ತಂಬೂರಿಯಿತ್ತು, ಆದ್ದರಿಂದ ಊರಿಗೆ ತಂಬೂರ ಎಂದು ಹೆಸರಾಯಿತು ಎಂದು ಅವನು ಬರೆದಿದ್ದನು. ನಾವು ಕೆಲವರು ಆ ಊರಿಗೆ ಹೋದಾಗ ಹಿರಿಯರೊಬ್ಬರು ಇದನ್ನೇ ಹೇಳಿದರು: “ಮಾಸ್ತರ, ನಮ್ಮೂರಾಗ ತಂಬೂರಿ ಬಾರಸವ್ರು ಇದ್ರಂತ್ರೀ. ಅದಕ್ಕ ತಂಬೂರ ಅಂತಾರ.” ಇದನ್ನು ಕೇಳಿದಾಗ ಯಾರಿಗೆ ತಾನೆ ನಂಬಬೇಕೆನಿಸದು? ಸವಾಯಿ ಗಂಧರ್ವರು (1886–1952) ಬಾಳಿದ ಕುಂದಗೋಳ ಇದೇ ಜಿಲ್ಲೆಯಲ್ಲಿದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆಂದು ಹೋಗುತ್ತಿದ್ದುದು ಅಲ್ಲಿಗೇ. ಇಂಥ ಜಿಲ್ಲೆಯಲ್ಲಿ ತಂಬೂರ ಎಂಬ ಊರಿದ್ದರೆ, ಅದನ್ನು ಸಂಗೀತದ ಕೂಸೆಂದು ಕರೆಯಲು ಮನಸ್ಸು ತಾನಾಗಿಯೇ ಓಡುವುದು.

ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವುದೇ ನಮ್ಮ ವಿದ್ಯೆ. ‘ತಂಬೂರ’ ಎಂಬ ವಾದ್ಯದ ಹೆಸರು ಅರಬ್ಬೀ-ಪಾರಸೀ ಭಾಷೆಗಳ ‘ತಂಬೂರ್’ ಶಬ್ದಕ್ಕೆ ಸಂಬಂಧಪಟ್ಟುದು. ಶ್ರುತಿಗಾಗಿ ಮೀಟುವ ನಾಲ್ಕು ತಂತಿಗಳ ವಾದ್ಯವು ಈ ದೇಶದಲ್ಲಿ ನೆಲೆಗೊಂಡುದು ಸುಮಾರಾಗಿ ಹದಿನಾರು ಹದಿನೇಳನೆಯ ಶತಮಾನಗಳಿಂದ ಈಚೆಗೆ. ಇತ್ತ ‘ಊರು’ ಎಂದು ಕೊನೆಗೊಳ್ಳುವ ಗ್ರಾಮನಾಮಗಳು ಕನ್ನಡ ನಾಡಿನಲ್ಲೆಲ್ಲ ಇವೆ. ಶಾಸನಗಳಲ್ಲಿ ಅವು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನಿಂದಲೂ ಕಾಣಸಿಗುವವು. ಆದುದರಿಂದ ಹೆಸರಿನ ಕೊನೆಯಲ್ಲಿರುವುದು ‘ಊರ’ ಎಂದೇ ಮೊದಲು ಎಣಿಸಬೇಕು. ಶಾಸನಗಳಲ್ಲಿ, ಹಳೆಯ ಕಾಗದಪತ್ರಗಳಲ್ಲಿ ಹೆಸರಿನ ಹಿಂದಿನ ರೂಪವನ್ನು ಹುಡುಕಬೇಕು. ವಾದ್ಯದ ಕತೆ ಅದಕ್ಕೆ ಮೊದಲೇ ತೀರ್ಪು ಕೊಡುವಂತಿಲ್ಲ. ಆ ಪುಟದ ಅಂಚಿನಲ್ಲಿ ನಾನು ‘ಆಧಾರ?’ ಎಂದು ಬರೆದೆನು.

ಆದರೆ ಮುಂದಿನ ಪುಟಗಳು! ಅಲ್ಲಿ ಅವನು ತನ್ನೂರಿನ ಹೊಲಗಳ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡಿದ್ದನು. ಯಾವ ಹೆಸರನ್ನು ಯಾರು ಹೇಳಿದರು, ಅವರ ವಯಸ್ಸೆಷ್ಟು, ಇನ್ನೊಬ್ಬರು ಬೇರೆ ಹೇಳಿದರೆ ಅದೇನು ಎಂಬುದೂ ಅಲ್ಲಿತ್ತು. ಗುಡಿಯ ಕಂಬಗಳನ್ನು ದಾರದಿಂದ ಅಳೆದಿದ್ದನು. ಸವೆದ ಕಲ್ಲಿನ ಮೇಲೆ ತನಗೆ ಕಂಡ ಅಕ್ಷರಗಳನ್ನು ಮಾತ್ರ ಬರೆದು, ಕಾಣದ ಕಡೆಗೆ ಚುಕ್ಕೆಗಳನ್ನಿಟ್ಟಿದ್ದನು. ಆ ಚುಕ್ಕೆಗಳನ್ನು ಕಂಡು ನನಗೆ ಆದ ಸಂತೋಷವನ್ನು ಹೇಳಲಾರೆ. ತನಗೆ ಕಾಣದ ಅಕ್ಷರವನ್ನು ತುಂಬದೆ ಬಿಡುವುದು ಶಾಸನ ಓದುವವನ ಮೊದಲ ಧರ್ಮ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಪ್ರಬಂಧವನ್ನು ಹಿಂದಿರುಗಿಸಿದಾಗ ಮೊದಲ ಪುಟದ ಕೆಂಪು ಗುರುತನ್ನು ಕಂಡು ಅವನ ಮೋರೆ ಸಣ್ಣದಾಯಿತು. “ಸರ, ಊರ ಮ್ಯಾಲಿನ ಪ್ರೀತೀಲೆ ಬರದೇನ್ರಿ” ಎಂದನು. ಈ ಮಾತಿನಲ್ಲಿ ನಾನು ಹುಡುಕುತ್ತಿದ್ದ ಉತ್ತರವೇ ಅಡಗಿತ್ತು. ನಮ್ಮ ಧಾರವಾಡದ ಆಡುನುಡಿಯಲ್ಲಿ ‘ಕೈಲೆ ಮಾಡಿದ’, ‘ಖುಶೀಲೆ ಕೊಟ್ಟ’ ಎನ್ನುವೆವು. ‘ಊರಿಂದ ಬಂದ’ ಎನ್ನುವೆವು. ಸಾಧನಕ್ಕೂ ರೀತಿಗೂ ‘ಲೆ’; ಹೊರಟ ಮೂಲಕ್ಕೆ ‘ಇಂದ’. ಗ್ರಾಂಥಿಕ ಕನ್ನಡವು ಒಂದೇ ಪ್ರತ್ಯಯದಲ್ಲಿ ಬೆರೆಸಿಬಿಟ್ಟ ಅರ್ಥಗಳನ್ನು ನಮ್ಮ ಹಳ್ಳಿಯ ಮಾತು ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಹೊಲದ ಹೆಸರುಗಳ ಪುಟಗಳನ್ನು ಅವನು ‘ಪ್ರೀತೀಲೆ’ ಬರೆದಿದ್ದನು: ಒಲವು ಅಲ್ಲಿ ಕಾಲಿಗೆ ನಡಿಗೆಯನ್ನೂ ಕಣ್ಣಿಗೆ ತಾಳ್ಮೆಯನ್ನೂ ಕೊಟ್ಟಿತ್ತು. ಊರ ಹೆಸರಿನ ಪುಟ ಮಾತ್ರ ಪ್ರೀತಿಯೊಳಗಿಂದ ಬಂದಿತ್ತು: ಅಲ್ಲಿ ಒಲವೇ ಸಾಕ್ಷಿಯಾಗಿ ನಿಂತಿತ್ತು. ‘ಕೊನ್ ಅಮೋರೆ’ ಎಂಬ ಮಾತಿಗೆ ಗ್ರಾಂಥಿಕ ಭಾಷೆಯ ‘ಪ್ರೀತಿಯಿಂದ’ ಎಂಬುದಕ್ಕಿಂತ ಆ ಹುಡುಗನ ‘ಪ್ರೀತೀಲೆ’ ಎಂಬುದೇ ಹತ್ತಿರವಾದುದೆಂದು ನನ್ನ ಅಭಿಪ್ರಾಯ.

ಹಾಗಾದರೆ ಆ ಹಿರಿಯರ ಕತೆಯನ್ನು ಹೊಡೆದುಹಾಕಬೇಕೆ? ಬೇಡ. ಅದನ್ನು ಮೊದಲ ಪುಟದಿಂದ ತೆಗೆದು, ‘ಊರವರ ಹೇಳಿಕೆಗಳು’ ಎಂಬ ಬೇರೆ ಪ್ರಕರಣದಲ್ಲಿ, ಹೇಳಿದವರ ಮಾತಿನಲ್ಲಿಯೇ ಇರಿಸಲು ಹೇಳಿದೆನು. ಊರಿನ ಹುಟ್ಟಿಗೆ ಅದು ಸಾಕ್ಷಿಯಲ್ಲ. ಊರವರು ತಮ್ಮನ್ನು ಏನೆಂದು ಭಾವಿಸಿಕೊಂಡಿದ್ದಾರೆಂಬುದಕ್ಕೆ ಒಳ್ಳೆಯ ಸಾಕ್ಷಿ. ಒಕ್ಕಲುತನದ ಹಳ್ಳಿಯೊಂದು ತನ್ನ ಹೆಸರಿನಲ್ಲಿ ಅರಸರನ್ನು ಹುಡುಕದೆ ಹಾಡುಗಾರರನ್ನು ಹುಡುಕಿಕೊಂಡಿದೆ. ಇದೂ ಇತಿಹಾಸದ ಸಂಗತಿಯೇ.

6

ಕೊನೆಯದಾಗಿ ಒಂದು ಮಾತು. ಕಾಲೇಜುಗಳಲ್ಲಿ ಇತಿಹಾಸವನ್ನು ಕಲಿಸುವ ನಮ್ಮಲ್ಲಿ ಎರಡು ಬಗೆಯ ದೋಷಗಳು ಬೆಳೆದಿವೆ. ಅಭಿಮಾನದಿಂದ ಬರೆದುದೆಲ್ಲವನ್ನೂ ಅಭಿಮಾನಕ್ಕಾಗಿಯೇ ಹೊಗಳುವುದು ಒಂದು. ಅಭಿಮಾನದ ಗಾಳಿ ಸೋಕಿದುದೆಲ್ಲವೂ ಅಶಾಸ್ತ್ರೀಯವೆಂದು ಮೂಗು ಮುರಿಯುವುದು ಇನ್ನೊಂದು. ಮೊದಲನೆಯದರಿಂದ ಸುಳ್ಳು ಬೆಳೆಯುವುದು. ಎರಡನೆಯದರಿಂದ ವಿದ್ಯೆಯೇ ಒಣಗುವುದು. ತನ್ನೂರಿನ ಮೇಲೆ ಒಲವಿಲ್ಲದ ಹುಡುಗನು ಬಿಸಿಲಲ್ಲಿ ಹೊಲಹೊಲ ತಿರುಗಿ ಹೆಸರುಗಳನ್ನು ಬರೆದುಕೊಳ್ಳುತ್ತಿರಲಿಲ್ಲ. ಆ ಹೆಸರುಗಳನ್ನು ಹೇಳಿದ ಮುದುಕರು ಹೋದ ಮೇಲೆ ಯಾವ ಶಾಸ್ತ್ರವೂ ಅವನ್ನು ತಂದುಕೊಡಲಾರದು.

ತಂಬೂರಿಯ ಹೆಸರಿನಿಂದ ಊರು ಹುಟ್ಟಿತೋ ಇಲ್ಲವೋ, ಆ ವಾದ್ಯದಿಂದ ನಾವು ಕಲಿಯತಕ್ಕುದಿದೆ. ಗಾಯಕನ ಹಿಂದೆ ಕುಳಿತ ತಂಬೂರಿ ಮೊದಲಿನಿಂದ ಕೊನೆಯವರೆಗೂ ನುಡಿಯುತ್ತಿರುವುದು. ಆದರೆ ಅದು ರಾಗವನ್ನು ಹಾಡುವುದಿಲ್ಲ. ರಾಗದ ಹೊಣೆ ಗಾಯಕನದು. ತಂಬೂರಿ ನಿಂತರೆ ಗಾಯಕನ ಸ್ವರಕ್ಕೆ ನೆಲೆ ತಪ್ಪುವುದು. ತಂಬೂರಿಯೇ ಹಾಡಲು ಹೊರಟರೆ ಹಾಡೇ ಕೆಡುವುದು. ಇತಿಹಾಸಕಾರನಿಗೆ ಒಲವು ಇಂಥ ಶ್ರುತಿಯಾಗಿರಲಿ. ಸ್ವರಗಳನ್ನು ಅವನು ಆಧಾರಗಳಿಂದಲೇ ತೆಗೆದುಕೊಳ್ಳಲಿ.

ತಂಬೂರದ ಆ ವಿದ್ಯಾರ್ಥಿ ಪ್ರಬಂಧವನ್ನು ತಿದ್ದಿ ತಂದಿದ್ದಾನೆ. ಮೊದಲ ಪುಟದಲ್ಲಿ ಈಗ ಊರ ಹೆಸರಿನ ಕತೆಯಿಲ್ಲ. ಹೆಸರಿನ ಅರ್ಥವೆಂದು ಒಂದು ಸಾಲನ್ನು ಬರೆದು, ಅದರ ಮುಂದೆ ಕಲ್ಲಿನ ಅಕ್ಷರ ಕಾಣದಲ್ಲಿ ಇಟ್ಟಂತೆಯೇ ಚುಕ್ಕೆಗಳನ್ನಿಟ್ಟಿದ್ದಾನೆ. ಆ ಚುಕ್ಕೆಗಳಿಗೆ ನಾನು ಪೂರ್ಣ ಗುಣಗಳನ್ನು ಕೊಟ್ಟೆನು.